ನೆಲಮಾಳಿಗೆಗೆ ಹತ್ತಿ ಹೋಗುವ ಊರು

ಹೊಸ ಊರಿಗೆ ಹೋದವನಿಗೆ ಅಲ್ಲಿಯ ಗುಡಿಗೋಪುರಗಳನ್ನೂ ಅರಮನೆಗಳನ್ನೂ ಕಂಡುಹಿಡಿಯುವುದು ಕಷ್ಟದ ಕೆಲಸವಲ್ಲ. ಅವು ದೂರದಿಂದಲೇ ತಮ್ಮ ಶಿಖರಗಳನ್ನೆತ್ತಿ ದಾರಿಹೋಕನನ್ನು ಕರೆಯುತ್ತವೆ. ಆದರೆ ಆ ಊರಿನ ಜನ ಏನನ್ನು ಉಣ್ಣುತ್ತಾರೆ, ಏನನ್ನು ಕುಡಿಯುತ್ತಾರೆ, ಸಂಜೆಯಾದಮೇಲೆ ಯಾವ ಬೆಂಚಿನ ಮೇಲೆ ಕುಳಿತು ಯಾವ ಅಧಿಕಾರಿಯನ್ನು ಬೈದುಕೊಳ್ಳುತ್ತಾರೆ ಎಂಬುದನ್ನು ತಿಳಿಯಬೇಕಾದರೆ ಗೋಪುರಗಳಿಂದ ಪ್ರಯೋಜನವಿಲ್ಲ. ಬೆಂಗಳೂರಿಗೆ ಮೊದಲ ಬಾರಿ ಬಂದ ನೆಂಟನೊಬ್ಬನು ಒಳ್ಳೆಯ ದೋಸೆ ಎಲ್ಲಿ ಸಿಕ್ಕೀತೆಂದು ಕೇಳಿದರೆ, ನೂರಿಪ್ಪತ್ತು ತಿನಿಸುಗಳ ಪಟ್ಟಿಯನ್ನು ಗಾಜಿನ ಬಾಗಿಲಿಗೆ ಅಂಟಿಸಿಕೊಂಡ ಹೋಟೆಲುಗಳನ್ನೆಲ್ಲ ದಾಟಿಸಿ, ೧೯೪೩ರಿಂದ ಗಾಂಧಿಬಜಾರಿನಲ್ಲಿ ಬೆರಳಲ್ಲಿ ಎಣಿಸಬಹುದಾದಷ್ಟೇ ತಿಂಡಿಗಳನ್ನು ಮಾಡುತ್ತ, ಮಧ್ಯಾಹ್ನ ಬಾಗಿಲು ಮುಚ್ಚಿ, ಅದು ಮತ್ತೆ ತೆರೆಯುವುದನ್ನು ಜನ ಬೀದಿಯಲ್ಲಿ ನಿಂತು ಕಾಯುವಂತೆ ಮಾಡಿರುವ ವಿದ್ಯಾರ್ಥಿ ಭವನದ ಮುಂದೆ ಅವನನ್ನು ನಾವು ಕರೆತಂದು ನಿಲ್ಲಿಸುತ್ತೇವೆ. ಈ ವಿವೇಕವನ್ನು ನಮಗೆ ಯಾವ ಗ್ರಂಥವೂ ಕಲಿಸಲಿಲ್ಲ. ಪರದೇಶದ ಪಟ್ಟಣವೊಂದರಲ್ಲಿ ಒಳ್ಳೆಯ ಬಿಯರನ್ನು ಹುಡುಕಲು ಬೇಕಾದುದೂ ಬಹುಮಟ್ಟಿಗೆ ಇದೇ ವಿವೇಕವೇ ಹೊರತು ಬೇರೆ ಪಾಂಡಿತ್ಯವಲ್ಲ.

ಮದ್ಯದ ವಿಷಯವೆಂದೊಡನೆ ಮುಖ ತಿರುಗಿಸುವ ಹಿರಿಯರು ನಮ್ಮ ಮನೆಗಳಲ್ಲಿ ಈಗಲೂ ಉಂಟು. ಅವರ ಆಕ್ಷೇಪಣೆಗೆ ಕಾರಣಗಳಿಲ್ಲವೆಂದು ನಾನು ಹೇಳಲಾರೆ. ಆದರೆ ಇಲ್ಲಿ ಹೇಳಹೊರಟಿರುವುದು ಕುಡಿತದ ಪ್ರಶಂಸೆಯನ್ನಲ್ಲ, ಒಂದು ಧಾನ್ಯಪಾಕದ ಕಥೆಯನ್ನು. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಹಿಟ್ಟು ಮಾಡಿ ಮಗುವಿಗೆ ಗಂಜಿ ಕಾಯಿಸಿಕೊಟ್ಟ ಯಾವ ತಾಯಿಗಾದರೂ ಬಿಯರಿನ ಅರ್ಧ ವಿದ್ಯೆ ಆಗಲೇ ಕರಗತವಾಗಿರುತ್ತದೆ. ರಾಗಿಯ ಸ್ಥಾನದಲ್ಲಿ ಬಾರ್ಲಿಯನ್ನು ಇಟ್ಟುಕೊಳ್ಳಿ. ಮೊಳೆತು ಒಣಗಿದ ಆ ಕಾಳಿಗೇ ಮಾಲ್ಟ್ ಎಂದು ಹೆಸರು. ಮೊಳಕೆಯೊಡೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಬಿಸಿನೀರಿನಲ್ಲಿ ಎಚ್ಚೆತ್ತು ಪಿಷ್ಟವನ್ನು ಸಕ್ಕರೆಯನ್ನಾಗಿಸುತ್ತವೆ. ಆ ಸಿಹಿ ತಿಳಿಯನ್ನು ಬಸಿದು, ಹಾಪ್ಸ್ ಎಂಬ ಬಳ್ಳಿಯ ಹೂಗಳನ್ನು ಹಾಕಿ ಕುದಿಸಿದರೆ ಕಹಿಯೂ ಪರಿಮಳವೂ ಬರುತ್ತವೆ. ಆರಿದಮೇಲೆ ಯೀಸ್ಟನ್ನು ಬಿಟ್ಟರೆ ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಗುಳ್ಳೆಗಳನ್ನೂ ಕೊಡುತ್ತದೆ. ಮಿಕ್ಕುದೆಲ್ಲ ತಾಳ್ಮೆಯ ಕೆಲಸ.

ಈ ಪಾನೀಯಕ್ಕೆ ಪ್ರಯಾಣ ಒಗ್ಗುವುದಿಲ್ಲ. ಈಚಲು ಮರದಿಂದ ಇಳಿಸಿದ ನೀರಾ ಮುಂಜಾನೆಯಲ್ಲಿ ಜೇನಿನಂತಿದ್ದು, ಬಿಸಿಲೇರುತ್ತ ಹುಳಿಯೇರಿ ಹೆಂಡವಾಗಿ, ಮರುದಿನದ ಹೊತ್ತಿಗೆ ಕೈಬಿಟ್ಟುಹೋಗುವುದನ್ನು ಕಂಡವರಿಗೆ ಇದು ಆಶ್ಚರ್ಯವೆನಿಸದು. ಬಿಯರ್ ಅಷ್ಟು ಅಲ್ಪಾಯುಷಿಯಲ್ಲ. ಆದರೂ ಅದೇ ಕುಲಕ್ಕೆ ಸೇರಿದ್ದು. ಬೆಳಕು ತಗುಲಿತೆಂದರೆ ಹಾಪ್ಸಿನ ಕಹಿದ್ರವ್ಯ ಒಡೆದು ಗಂಧಕಯುಕ್ತವಾದ ದುರ್ವಾಸನೆ ಹುಟ್ಟುತ್ತದೆ. ಬಿಯರಿನ ಸೀಸೆಗಳು ಸಾಮಾನ್ಯವಾಗಿ ಕಂದುಬಣ್ಣದವಾಗಿರುವುದು ಇದಕ್ಕಾಗಿಯೇ. ಗಾಳಿ ಸೇರಿದರೆ ನೆನೆದ ರಟ್ಟನ್ನು ನೆಕ್ಕಿದಂತಹ ರುಚಿ ಬರುತ್ತದೆ, ಸೆಖೆ ಆ ಕೇಡನ್ನು ತ್ವರೆಗೊಳಿಸುತ್ತದೆ. ಇದನ್ನು ತಪ್ಪಿಸಲೆಂದು ದೊಡ್ಡ ಕಾರ್ಖಾನೆಗಳು ಬಿಯರನ್ನು ಸೂಕ್ಷ್ಮವಾಗಿ ಸೋಸಿ, ಬಿಸಿಮಾಡಿ ಯೀಸ್ಟನ್ನು ಕೊಂದು, ಸಹಸ್ರ ಮೈಲಿ ಸಾಗಿಸಬಲ್ಲ ಸರಕನ್ನಾಗಿ ಮಾಡಿದುವು. ಸರಕು ಸಾಗಿತು, ರುಚಿ ಹಿಂದುಳಿಯಿತು. ಆದುದರಿಂದ ಪಯಣಿಸಲಾರದ ಪಾನೀಯವನ್ನು ಬಯಸುವವನು ತಾನೇ ಪಯಣಿಸಬೇಕು. ಎಲ್ಲೆಡೆಯೂ ಸಿಕ್ಕುವುದನ್ನು ಹುಡುಕಿಕೊಂಡು ಹೊಸ ಊರಿಗೆ ಹೋಗುವುದರಲ್ಲಿ ಅರ್ಥವಿಲ್ಲ.

ಕಾರ್ಖಾನೆಯ ಏಕರುಚಿಗೆ ಬೇಸತ್ತವರು ಮೊದಲು ದನಿಯೆತ್ತಿದುದು ಅಮೆರಿಕದಲ್ಲಿಯೂ ಇಂಗ್ಲೆಂಡಿನಲ್ಲಿಯೂ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮುಳುಗುತ್ತಿದ್ದ ಆಂಕರ್ ಬ್ರೂವರಿಯನ್ನು ಫ್ರಿಟ್ಸ್ ಮೇಟ್ಯಾಗ್ ಎಂಬ ತರುಣನು ೧೯೬೫ರಲ್ಲಿ ಕೊಂಡು ಹಳೆಯ ಪದ್ಧತಿಗೆ ಜೀವ ಕೊಟ್ಟನು. ೧೯೭೧ರಲ್ಲಿ ಇಂಗ್ಲೆಂಡಿನ ನಾಲ್ವರು ಗೆಳೆಯರು ಪೀಪಾಯಿಯಲ್ಲಿಯೇ ಹದಗೊಳ್ಳುವ ತಮ್ಮ ನಾಡಿನ ಬಿಯರನ್ನು ಉಳಿಸಲು ಸಂಘ ಕಟ್ಟಿದರು. ೧೯೭೭ರಲ್ಲಿ ಮೈಕೆಲ್ ಜ್ಯಾಕ್ಸನ್ ಎಂಬ ಪತ್ರಕರ್ತನು (ಹಾಡಿ ಕುಣಿದವನಲ್ಲ, ಯಾರ್ಕ್‌ಷೈರಿನ ಸ್ಥೂಲಕಾಯದ ಬರಹಗಾರ) ಲೋಕದ ಬಿಯರುಗಳನ್ನೆಲ್ಲ ಶೈಲಿಗನುಸಾರವಾಗಿ ವಿಂಗಡಿಸಿ ಗ್ರಂಥ ಬರೆದನು. ಎಪ್ಪತ್ತರ ದಶಕದ ಕೊನೆಯಲ್ಲಿ ನೂರಕ್ಕಿಂತ ಕಡಮೆ ಬ್ರೂವರಿಗಳಿದ್ದ ಅಮೆರಿಕದಲ್ಲಿ ಇಂದು ಒಂಬತ್ತು ಸಾವಿರಕ್ಕೂ ಹೆಚ್ಚು ಇವೆ. ಮೊದಲ ದೀಪ ಹಚ್ಚಿದ ಆಂಕರ್ ಮಾತ್ರ ಕೈಯಿಂದ ಕೈಗೆ ದಾಟಿ ೨೦೨೩ರಲ್ಲಿ ಬಾಗಿಲು ಮುಚ್ಚಿತು. ಆದರೆ ಕ್ರಾಫ್ಟ್ ಬಿಯರ್ ಎಂಬ ಹೊಸ ಹೆಸರಿನ ಆವಶ್ಯಕತೆಯೇ ತೋರದ, ಹಳೆಯ ಕುಶಲತೆಯ ಎಳೆ ಎಂದೂ ಕಡಿದುಹೋಗದ ಕೆಲವು ಊರುಗಳೂ ಉಂಟು. ಅವುಗಳಲ್ಲಿ ಒಂದನ್ನು ನೋಡಿದರೆ ಮಿಕ್ಕ ಊರುಗಳಲ್ಲಿ ಹುಡುಕುವ ಕ್ರಮ ತಾನಾಗಿಯೇ ತಿಳಿಯುತ್ತದೆಂದು ನನ್ನ ನಂಬಿಕೆ. ಜರ್ಮನಿಯ ಬಾಂಬೆರ್ಗ್ ಅಂತಹ ಊರು.

ನ್ಯೂರೆನ್‌ಬೆರ್ಗಿನಿಂದ ಉತ್ತರಕ್ಕೆ ರೈಲಿನಲ್ಲಿ ಒಂದು ಗಂಟೆಯೊಳಗಣ ದಾರಿ. ಮೈಸೂರಿನ ಒಂದೆರಡು ಬಡಾವಣೆಗಳಲ್ಲಿ ಅಡಗಿಬಿಡಬಹುದಾದಷ್ಟು ಜನಸಂಖ್ಯೆಯುಳ್ಳ ಪಟ್ಟಣ. ರೋಮಿನಂತೆ ಏಳು ಗುಡ್ಡಗಳು. ಗುಡ್ಡದ ಮೇಲೆ ನಾಲ್ಕು ಗೋಪುರಗಳ ಮಹಾದೇವಾಲಯ, ಅದರೊಳಗೆ ಒಬ್ಬ ಚಕ್ರವರ್ತಿಯ ಮತ್ತು ಒಬ್ಬ ಪೋಪನ ಸಮಾಧಿ. ರೆಗ್ನಿಟ್ಸ್ ನದಿಯ ನಡುವೆ, ಯಾವ ದಡಕ್ಕೂ ಸೇರದಂತೆ ನಿಂತ ಹಳೆಯ ಪುರಭವನ. ೧೯೯೩ರಿಂದ ಇಡೀ ಹಳೆಯ ಊರು ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ತತ್ತ್ವಜ್ಞಾನಿ ಹೆಗೆಲನು ತನ್ನ ಮಹಾಗ್ರಂಥ ಇಲ್ಲಿ ಅಚ್ಚಾದ ೧೮೦೭ರಲ್ಲಿಯೇ ಹೊಟ್ಟೆಪಾಡಿಗಾಗಿ ಇಲ್ಲಿಯ ವೃತ್ತಪತ್ರಿಕೆಯೊಂದರ ಸಂಪಾದಕನಾಗಿದ್ದನೆಂಬುದು ಪತ್ರಿಕೆಗಳಿಗೆ ಬರೆಯುವ ನಮ್ಮಂತಹವರಿಗೆ ಸಮಾಧಾನ ಕೊಡತಕ್ಕ ಸಂಗತಿ. ಇಷ್ಟು ಚಿಕ್ಕ ಊರಿನಲ್ಲಿ ಹತ್ತರ ಆಸುಪಾಸಿನಲ್ಲಿ ಬ್ರೂವರಿಗಳಿವೆ. ಹೆಚ್ಚಿನವು ತಮ್ಮ ಬಿಯರನ್ನು ತಮ್ಮದೇ ಪಡಸಾಲೆಗಳಲ್ಲಿ ಬಡಿಸುತ್ತವೆ.

ನಾನು ಅಲ್ಲಿಗೆ ಹೋದಾಗ ಜೇಬಿನಲ್ಲಿ ಒಂದು ಪಟ್ಟಿ ಇತ್ತು. ಯಾರೋ ಹೊಗಳಿದ, ಯಾರೋ ಅಂಕ ಕೊಟ್ಟ ಹೆಸರುಗಳು. ಮೊದಲ ಸಂಜೆ, ಪಟ್ಟಿಯ ಮೊದಲ ಹೆಸರನ್ನು ಹುಡುಕುತ್ತ ತುಂತುರು ಮಳೆಯಲ್ಲಿ ಮುಕ್ಕಾಲು ಗಂಟೆ ನಡೆದು ಹೋದರೆ, ಬಾಗಿಲ ಮೇಲೆ ರೂಹಟಾಗ್ ಎಂದು ಬರೆದ ಹಲಗೆ ತೂಗುತ್ತಿತ್ತು. ಎಂದರೆ ವಾರದ ವಿಶ್ರಾಂತಿಯ ದಿನ. ಆ ನಾಡಿನಲ್ಲಿ ಒಂದೊಂದು ಪಡಸಾಲೆಗೂ ಒಂದೊಂದು ವಾರ ರಜೆ. ನಮ್ಮಲ್ಲಿ ಕ್ಷೌರದಂಗಡಿಗಳಿಗೆ ಮಂಗಳವಾರವಿದ್ದ ಹಾಗೆ. ಎರಡನೆಯ ಹೆಸರಿನ ಸ್ಥಳ ತೆರೆದಿತ್ತು. ಆದರೆ ಒಳಗೆ ಕುಳಿತವರೆಲ್ಲರ ಜೇಬಿನಲ್ಲಿಯೂ ನನ್ನದೇ ಪಟ್ಟಿ ಇದ್ದಂತೆ ತೋರಿತು. ಊರಿನವರಲ್ಲಿ ಒಬ್ಬರೂ ಕಾಣಲಿಲ್ಲ. ಮರುದಿನ ಬೆಳಿಗ್ಗೆ ಆ ಕಾಗದವನ್ನು ಚೀಲದ ತಳಕ್ಕೆ ಸೇರಿಸಿ, ತಂಗಿದ್ದ ಮನೆಯ ಯಜಮಾನಿಯನ್ನು ಕೇಳಿದೆ. ಆಗಲೂ ನನ್ನ ಪ್ರಶ್ನೆ ತಪ್ಪಾಗಿಯೇ ಇತ್ತು. ಈ ಊರಿನಲ್ಲಿ ಉತ್ತಮವಾದ ಬ್ರೂವರಿ ಯಾವುದೆಂದು ಕೇಳಿದರೆ ಆಕೆ ಪ್ರಸಿದ್ಧವಾದ ಎರಡು ಹೆಸರುಗಳನ್ನು ಒಪ್ಪಿಸಿದರು. ‘ಅಮ್ಮ, ತಾವು ಎಲ್ಲಿಗೆ ಹೋಗುತ್ತೀರಿ?’ ಎಂದಾಗ ಮಾತ್ರ ಆಕೆ ಕೈಯಲ್ಲಿದ್ದ ಕೆಲಸವನ್ನು ಕೆಳಗಿಟ್ಟು, ಕುರ್ಚಿಯನ್ನೆಳೆದು ಕುಳಿತುಕೊಂಡರು. ಪಟ್ಟಿ ಕೊಡದ ವಿವರಗಳೆಲ್ಲ ಆಗ ಬಂದುವು: ಇಂಥಲ್ಲಿಗೆ ಗುರುವಾರ ಹೋಗಬೇಡಿ, ಅಲ್ಲಿ ಊಟ ಮಾಡಿ ಇಲ್ಲಿ ಕುಡಿಯಿರಿ, ಬಿಸಿಲಿದ್ದರೆ ಗುಡ್ಡ ಹತ್ತಿರಿ.

ಪ್ರಸಿದ್ಧವಾದುದೆಲ್ಲ ತ್ಯಾಜ್ಯವೆಂದು ತಿಳಿಯಬಾರದು. ದೇವಾಲಯದ ಗುಡ್ಡದ ಬುಡದಲ್ಲಿ, ಡೊಮಿನಿಕಾನರ್ ಬೀದಿಯಲ್ಲಿ, ಕಪ್ಪು ಮರದ ತೊಲೆಗಳುಳ್ಳ ಶ್ಲೆಂಕರ್ಲಾ ಎಂಬ ಪಡಸಾಲೆ ಉಂಟು. ಆ ಕಟ್ಟಡದ ಮೊದಲ ಉಲ್ಲೇಖ ೧೪೦೫ನೆಯ ಇಸವಿಯದು. ಕೈಗಳನ್ನು ಜೋಲಿ ಹೊಡೆಯುತ್ತ ವಿಚಿತ್ರವಾಗಿ ನಡೆಯುತ್ತಿದ್ದ ಹಳೆಯ ಯಜಮಾನನೊಬ್ಬನಿಗೆ ಜನ ಇಟ್ಟ ಅಡ್ಡಹೆಸರೇ ಮನೆಗೂ ನಿಂತುಹೋಯಿತಂತೆ. ಅಲ್ಲಿಯ ಬಿಯರಿಗೆ ರೌಖ್‌ಬಿಯರ್, ಎಂದರೆ ಹೊಗೆಯ ಬಿಯರ್, ಎಂದು ಹೆಸರು. ಮೊಳೆತ ಬಾರ್ಲಿಯನ್ನು ಬೀಚ್ ಮರದ ಸೌದೆಯ ಬೆಂಕಿಯ ಮೇಲೆ, ಹೊಗೆ ನೇರವಾಗಿ ಕಾಳಿನೊಳಕ್ಕೆ ಹಾಯುವಂತೆ, ಒಣಗಿಸುತ್ತಾರೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲವೆಲ್ಲ ಹೊಗೆ ಕುಡಿದ ಪದಾರ್ಥಗಳ ವಾಸನೆಯನ್ನು ಬಲ್ಲವರು ಈ ಲೋಟವನ್ನು ಮೂಗಿನ ಬಳಿಗೆ ತಂದೊಡನೆ ಒಂದು ಕ್ಷಣ ಅಡುಗೆಮನೆಗೆ ಹಿಂದಿರುಗಿದಂತಾಗಿ ಬೆರಗಾಗುತ್ತಾರೆ. ಬಣ್ಣ ಹೆಚ್ಚು ಕಾಸಿದ ಬೆಲ್ಲದ ಪಾಕದಂತೆ. ಬಾಯಿಗೆ ಮೊದಲು ಬರುವುದು ಹೊಗೆ, ಅದು ಹಿಂದೆ ಸರಿದಮೇಲೆ ಮಾಲ್ಟಿನ ಸೌಮ್ಯವಾದ ಸಿಹಿ, ಕೊನೆಯಲ್ಲಿ ಶುಷ್ಕವಾದ ಒಂದು ಕಹಿ. ಮೊದಲ ಲೋಟ ಯಾರಿಗೂ ಹಿಡಿಸುವುದಿಲ್ಲವೆಂದೂ ಎರಡುಮೂರು ಲೋಟಗಳಾದಮೇಲೆ ತೀರ್ಪು ಕೊಡಬೇಕೆಂದೂ ಊರಿನವರು ಹೇಳುತ್ತಾರೆ. ಮಾರುವವರಿಗೆ ಇದಕ್ಕಿಂತ ಅನುಕೂಲವಾದ ಸಿದ್ಧಾಂತ ಬೇರೊಂದಿಲ್ಲವಾದರೂ, ನನ್ನ ಮಟ್ಟಿಗೆ ಆ ಮಾತು ನಿಜವಾಯಿತು.

ಈ ಹೊಗೆ ಬಾಂಬೆರ್ಗಿನವರ ನೂತನ ಕಲ್ಪನೆಯಲ್ಲವೆಂಬುದೇ ಅದರ ಸ್ವಾರಸ್ಯ. ಶುದ್ಧವಾದ ಬಿಸಿಗಾಳಿಯಿಂದ ಮಾಲ್ಟನ್ನು ಒಣಗಿಸುವ ಗೂಡುಗಳು ಬರುವ ಮುನ್ನ, ಸೌದೆಯ ಬೆಂಕಿಯ ಮೇಲೆ ಒಣಗಿದ ಎಲ್ಲ ಮಾಲ್ಟಿಗೂ ಹೆಚ್ಚೋ ಕಡಮೆಯೋ ಹೊಗೆ ಹತ್ತಿಯೇ ಇರುತ್ತಿತ್ತು. ಹೊಸ ಗೂಡುಗಳು ಬಂದಮೇಲೆ ಮಿಕ್ಕ ಊರುಗಳವರು ಹೊಗೆಯನ್ನು ಒಂದು ದೋಷವೆಂದು ಬಗೆದು ಕಳೆದುಕೊಂಡರು. ಇಲ್ಲಿ ಇಬ್ಬರು ಮಾತ್ರ ಹಠ ಹಿಡಿದು ತಮ್ಮ ಮಾಲ್ಟನ್ನು ತಾವೇ ಹಳೆಯ ಕ್ರಮದಲ್ಲಿ ಒಣಗಿಸುತ್ತ ಉಳಿದುಕೊಂಡರು. ಆದುದರಿಂದ ಇಂದು ಲೋಕವೆಲ್ಲ ಈ ಊರಿನ ವೈಶಿಷ್ಟ್ಯವೆಂದು ಕೊಂಡಾಡುವುದು ಹಿಂದೆ ಎಲ್ಲೆಲ್ಲಿಯೂ ಇದ್ದುದರ ಶೇಷವಷ್ಟೆ. ಶ್ಲೆಂಕರ್ಲಾದವರು ಹೊಗೆಯ ಮಾಲ್ಟನ್ನು ಒಂದು ಕಾಳೂ ಬಳಸದೆ ಒಂದು ತಿಳಿ ಬಿಯರನ್ನೂ ಮಾಡುತ್ತಾರೆ. ಆದರೆ ಅದೇ ತಾಮ್ರದ ಹಂಡೆಗಳಲ್ಲಿ ಬೆಂದು ಅದೇ ಯೀಸ್ಟಿನಿಂದ ಹುದುಗಿದುದರಿಂದ ಅದಕ್ಕೂ ಹೊಗೆಯ ಸುಳಿವು ಅಂಟಿಕೊಂಡಿರುತ್ತದೆ. ಒಗ್ಗರಣೆಯ ಬಾಣಲೆಯಲ್ಲಿ ಹಾಲು ಕಾಯಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಠ ಹಿಡಿದ ಇನ್ನೊಬ್ಬರು ನದಿಯ ಆಚೆ, ಮೇಲಿನ ಕ್ಯೋನಿಗ್ ಬೀದಿಯಲ್ಲಿದ್ದಾರೆ. ಕನ್ನಡದಲ್ಲಿ ಹೇಳುವುದಾದರೆ ಅದು ರಾಜಬೀದಿ. ಶ್ಪೆಟ್ಸಿಯಾಲ್ ಎಂಬ ಈ ಮನೆ ೧೫೩೬ರಿಂದ ನಡೆದುಬಂದಿದೆ. ಇಲ್ಲಿಯ ಹೊಗೆ ಮೃದು. ಶ್ಲೆಂಕರ್ಲಾದಲ್ಲಿ ಮುಖಕ್ಕೆ ಬಡಿಯುವುದು ಇಲ್ಲಿ ಹಿನ್ನೆಲೆಯ ಶ್ರುತಿಯಂತೆ ಮಿಡಿಯುತ್ತದೆ. ಒಂದನ್ನು ಕುಡಿದವನು ಇನ್ನೊಂದನ್ನೂ ಕುಡಿಯದಿದ್ದರೆ ಅವನ ಅಭಿಪ್ರಾಯಕ್ಕೆ ಬೆಲೆಯಿಲ್ಲ. ರಸ್ತೆ ದಾಟಿದರೆ, ಎದುರಿಗೇ, ಫೆಸ್ಲಾ. ಮೂವತ್ತು ವರ್ಷಗಳ ಯುದ್ಧ ಮುಗಿದ ಮರುವರುಷ, ೧೬೪೯ರಲ್ಲಿ, ಹುಟ್ಟಿದ್ದು. ಪೀಪಾಯಿಯನ್ನು ಉರುಳಿಸುವ ಕುಳ್ಳನ ಚಿತ್ರ ಅದರ ಲಾಂಛನ. ಫೆಸ್ಲಾದ ಒಳಗಿನ ಕೋಣೆಗಿಂತ ನನಗೆ ಮೆಚ್ಚಿಗೆಯಾದುದು ಅದರ ಹೆಬ್ಬಾಗಿಲನ್ನು ದಾಟಿದೊಡನೆ ಸಿಕ್ಕುವ ಓಣಿ. ಅಲ್ಲಿ ಗೋಡೆಯಲ್ಲಿ ಒಂದು ಕಿಟಕಿ. ಕಿಟಕಿಯಲ್ಲಿ ಲೋಟವನ್ನು ಪಡೆದು ಜನ ನಿಂತುಕೊಂಡೇ ಕುಡಿಯುತ್ತಾರೆ. ಕೆಲಸ ಮುಗಿಸಿದ ಗಾರೆಯವನು, ವಕೀಲ, ತರಕಾರಿಯ ಚೀಲ ಹಿಡಿದ ಗೃಹಿಣಿ, ಎಲ್ಲರೂ ಹತ್ತು ಹದಿನೈದು ನಿಮಿಷ ನಿಂತು ಹೊರಟುಹೋಗುವರು. ನಮ್ಮ ದರ್ಶಿನಿಗಳಲ್ಲಿ ನಿಂತು ಕಾಫಿ ಕುಡಿಯುವ ಹಾಗೆಯೇ. ಒಂದು ಊರಿನ ಬಿಯರನ್ನು ಅಳೆಯಲು ಇಂತಹ ಓಣಿಗಳಿಗಿಂತ ಉತ್ತಮವಾದ ಸ್ಥಳವಿಲ್ಲ: ಪೀಪಾಯಿ ಬೇಗ ಬೇಗ ಖಾಲಿಯಾಗುವಲ್ಲಿ ಬಿಯರ್ ಹಳಸುವುದಕ್ಕೆ ಅವಕಾಶವೇ ಇರುವುದಿಲ್ಲ.

ರೈಲು ನಿಲ್ದಾಣದ ದಕ್ಷಿಣಕ್ಕೆ ವುಂಡರ್‌ಬುರ್ಗ್ ಎಂಬ ಸಾಮಾನ್ಯರ ಬಡಾವಣೆ. ಅಲ್ಲಿಯೂ ಇದೇ ಬಗೆಯ ಎದುರುಬದುರಿನ ನೆರೆಹೊರೆ: ಈಚೆ ೧೬೭೦ರ ಮಾರ್ಸ್, ಆಚೆ ೧೮೬೭ರ ಕೇಸ್‌ಮನ್. ಮಾರ್ಸ್‌ನಲ್ಲಿ ಊರಿನವರು ಬಿಯರ್ ಕೊಡಿ ಎನ್ನುವುದಿಲ್ಲ. ‘ಅ ಊ’ ಎಂದು ಎರಡು ಸ್ವರಗಳನ್ನು ಉಸುರುತ್ತಾರೆ, ಅಷ್ಟೆ. ಆ ಊಕಾರ ಒಂದು ದೀರ್ಘವಾದ ಜರ್ಮನ್ ಶಬ್ದದ ಮೊದಲಕ್ಷರ. ಪೀಪಾಯಿಯ ಬಿರಡೆಯನ್ನು ಬಿಗಿಯದೆ ಹದಗೊಳಿಸಿದ್ದು ಎಂದು ಅದರ ತಾತ್ಪರ್ಯ. ಬಿರಡೆ ಸಡಿಲವಾಗಿರುವುದರಿಂದ ಗುಳ್ಳೆ ಕಡಮೆ, ಸೋಸದೆ ಇರುವುದರಿಂದ ಬಣ್ಣ ಮಬ್ಬು, ಹೊಟ್ಟೆಗೆ ಹಗುರ. ನಾನು ಆ ಎರಡು ಸ್ವರಗಳನ್ನು ಹೇಳಿದಾಗ ಮಾಣಿಯ ಮುಖದಲ್ಲಿ ಕಂಡ ಸಂತೋಷ ಸಂಸ್ಕೃತ ಶ್ಲೋಕವನ್ನು ಒಪ್ಪಿಸಿದ ಮಗುವನ್ನು ಕಂಡ ಉಪಾಧ್ಯಾಯರದಾಗಿತ್ತು. ಪಾತ್ರೆಯ ಹೆಸರನ್ನೂ ಕಲಿತುಕೊಂಡು ಹೋಗುವುದು ಮೇಲು: ಅರ್ಧ ಲೀಟರಿನ ಅಳತೆಗೆ ಅವರು ಸೈಡ್ಲಾ ಎನ್ನುತ್ತಾರೆ.

ಕುಳಿತುಕೊಳ್ಳುವುದರಲ್ಲಿಯೂ ಒಂದು ಕ್ರಮವುಂಟು. ಬೇರೆಯವರು ಕುಳಿತಿರುವ ಮೇಜಿನಲ್ಲಿ ಸ್ಥಳವಿದ್ದರೆ ಕೇಳಿ ಕೂರುವುದು ಅಲ್ಲಿ ಸಹಜ. ಆದರೆ ಶ್ಟಾಮ್‌ಟಿಶ್ ಎಂಬ ಫಲಕವಿರುವ ಮೇಜು ನಿತ್ಯದವರದು, ಅದು ಎಷ್ಟು ಹೊತ್ತು ಖಾಲಿಯಿದ್ದರೂ ಮುಟ್ಟುವಂತಿಲ್ಲ. ನಮ್ಮ ಹಳೆಯ ಹೋಟೆಲುಗಳಲ್ಲಿ ಬೆಳಗಿನ ಕಾಫಿಗೆ ಬರುವ ನಿವೃತ್ತರ ಮೂಲೆಗೆ ಫಲಕವಿಲ್ಲದಿದ್ದರೂ ನಾವು ಅಲ್ಲಿ ಕೂರುವ ಧೈರ್ಯ ಮಾಡುವುದಿಲ್ಲವಷ್ಟೆ. ಪ್ರಯಾಣಿಕನಿಗೆ ಆ ಫಲಕದಿಂದ ಇನ್ನೊಂದು ಉಪಯೋಗ: ಅದು ಇರುವಲ್ಲಿ, ಅದರ ಸುತ್ತ ನಿಜವಾಗಿಯೂ ಮುದುಕರು ಕುಳಿತು ವಾದಿಸುತ್ತಿರುವಲ್ಲಿ, ಬಿಯರ್ ಕೆಟ್ಟಿರಲಾರದು. ಬಾಂಬೆರ್ಗಿನ ಮುದುಕರು ಸುಮ್ಮನಿರುವ ಜಾತಿಯವರೂ ಅಲ್ಲ. ೧೯೦೭ರಲ್ಲಿ ಬ್ರೂವರಿಗಳವರು ಒಟ್ಟಾಗಿ ಬೆಲೆಯನ್ನು ಒಂದು ಪ್ಫೆನಿಗ್‌ನಷ್ಟು ಏರಿಸಿದಾಗ ಊರಿಗೆ ಊರೇ ಸ್ಥಳೀಯ ಬಿಯರನ್ನು ಬಹಿಷ್ಕರಿಸಿ ನೆರೆಯ ಫೋರ್ಖ್‌ಹೈಮಿನಿಂದ ಬಿಯರ್ ತರಿಸಿಕೊಂಡು ಕುಡಿಯಿತು. ಬ್ರೂವರಿಗಳವರು ಮಣಿದು ಹಳೆಯ ಬೆಲೆಗೆ ಹಿಂದಿರುಗಿದರು. ಆ ಪ್ರಸಂಗವನ್ನು ಅವರು ಬಿಯರ್ ಯುದ್ಧವೆಂದೇ ಕರೆಯುತ್ತಾರೆ. ಅದಕ್ಕೂ ಹಿಂದೆ, ಮಾಲ್ಟ್, ಹಾಪ್ಸ್, ನೀರು ಇವಲ್ಲದೆ ಬೇರೇನನ್ನೂ ಸೇರಿಸಕೂಡದೆಂದು ಇಲ್ಲಿಯ ಬಿಷಪ್ ಪ್ರಭು ೧೪೮೯ರಲ್ಲಿಯೇ ಆಜ್ಞೆ ಹೊರಡಿಸಿದ್ದನು. ಬವೇರಿಯದ ಹೆಸರಾಂತ ೧೫೧೬ರ ಶುದ್ಧತೆಯ ಕಟ್ಟಳೆ ಅದರ ಅನಂತರದ್ದೆಂದು ಊರಿನವರು ತಪ್ಪದೆ ಜ್ಞಾಪಿಸುತ್ತಾರೆ. ಎರಡರಲ್ಲಿಯೂ ಯೀಸ್ಟಿನ ಹೆಸರಿಲ್ಲ. ಹುದುಗಿಸುವ ಕೆಲಸ ಮಾಡುವುದು ಒಂದು ಜೀವಿಯೆಂದು ಆಗ ಯಾರು ಬಲ್ಲರು?

ಇನ್ನು ಯಜಮಾನಿ ಹೇಳಿದ ಗುಡ್ಡ. ಬಿಸಿಲಿದ್ದ ದಿನ ಬಾಂಬೆರ್ಗಿನವರು ಕೆಲ್ಲರಿಗೆ ಹೋಗುತ್ತಾರೆ. ಕೆಲ್ಲರ್ ಎಂದರೆ ನೆಲಮಾಳಿಗೆ. ಆದರೆ ಅವರ ಮಾತಿನಲ್ಲಿ ನೆಲಮಾಳಿಗೆಗೆ ಯಾರೂ ಇಳಿಯುವುದಿಲ್ಲ, ಎಲ್ಲರೂ ಅದರ ಮೇಲಕ್ಕೆ ಹೋಗುತ್ತಾರೆ. ಈ ವ್ಯಾಕರಣದ ಹಿಂದೆ ಬಿಯರಿನ ಚರಿತ್ರೆಯೇ ಇದೆ. ತಂಪಿನಲ್ಲಿ ನಿಧಾನವಾಗಿ ಹುದುಗುವ ಬಿಯರಿಗೆ ಬೇಸಗೆ ಶತ್ರು. ೧೫೫೩ರ ಬವೇರಿಯದ ಕಟ್ಟಳೆಯಂತೆ ಏಪ್ರಿಲ್ ೨೩ರಿಂದ ಸೆಪ್ಟೆಂಬರ್ ೨೯ರ ವರೆಗೆ ಬಿಯರ್ ಬೇಯಿಸಕೂಡದು. ಆದುದರಿಂದ ಮಾರ್ಚ್ ತಿಂಗಳಲ್ಲಿ ತುಸು ಗಟ್ಟಿಯಾಗಿ ಬೇಯಿಸಿ, ಗುಡ್ಡಗಳ ಮರಳುಗಲ್ಲಿನಲ್ಲಿ ಕೊರೆದ ಸುರಂಗಗಳಲ್ಲಿ ಬೇಸಗೆಯೆಲ್ಲ ಕಾಪಿಡುತ್ತಿದ್ದರು. ಮೇರ್ಟ್ಸನ್, ಎಂದರೆ ಮಾರ್ಚಿನದು, ಎಂಬ ಹೆಸರು ಇಂದಿಗೂ ಉಳಿದಿದೆ. ಸುರಂಗದ ನೆತ್ತಿ ಕಾಯದಿರಲೆಂದು ಮೇಲಿನ ನೆಲದಲ್ಲಿ ಲಿಂಡನ್ ಮತ್ತು ಚೆಸ್ಟ್‌ನಟ್ ಮರಗಳನ್ನು ನೆಟ್ಟರು. ಕೆಳಗೆ ಬಿಯರ್, ಮೇಲೆ ನೆರಳು. ಅಲ್ಲಿಯೇ ಬೆಂಚು ಹಾಕಿದರೆ ಸಾಕೆಂದು ಯಾರಿಗೋ ಹೊಳೆದಿರಬೇಕು. ೧೮೭೦ರ ದಶಕದಲ್ಲಿ ಮ್ಯೂನಿಕ್ಕಿನ ಬ್ರೂವರಿಯವರ ಪ್ರೋತ್ಸಾಹದಿಂದ ಲಿಂಡೆ ಎಂಬ ಎಂಜಿನಿಯರನು ಶೀತಯಂತ್ರವನ್ನು ನಿರ್ಮಿಸಿದಮೇಲೆ ಸುರಂಗಗಳ ಕೆಲಸ ಮುಗಿಯಿತು. ಬೆಂಚುಗಳ ಕೆಲಸ ಮುಗಿಯಲಿಲ್ಲ.

ನಾನು ಹತ್ತಿದುದು ಶ್ಟೆಫಾನ್ಸ್‌ಬೆರ್ಗ್ ಗುಡ್ಡದ ಮೇಲೆ, ಹಳೆಯ ವೀಕ್ಷಣಾಲಯದ ಸಮೀಪದಲ್ಲಿರುವ ಶ್ಪೆಟ್ಸಿಯಾಲಿನವರ ಕೆಲ್ಲರಿಗೆ. ಜಲ್ಲಿ ಹಾಸಿದ ನೆಲ, ಮರದ ಮೇಜುಗಳು, ಎದುರಿಗೆ ಕೆಂಪು ಹೆಂಚುಗಳ ಊರು ಮತ್ತು ದೇವಾಲಯದ ನಾಲ್ಕು ಗೋಪುರಗಳು. ಪಕ್ಕದ ಮೇಜಿನ ಕುಟುಂಬದವರು ಬುಟ್ಟಿಯಿಂದ ಬ್ರೆಡ್ಡು, ಮೂಲಂಗಿ, ಚೀಸ್ ತೆಗೆದು ಹರಡಿದರು. ಆ ಸೀಮೆಯ ಹಳೆಯ ಪದ್ಧತಿಯ ಕೆಲ್ಲರುಗಳಲ್ಲಿ ಬುತ್ತಿಯನ್ನು ಮನೆಯಿಂದ ತಂದು ಬಿಯರನ್ನು ಮಾತ್ರ ಕೊಳ್ಳುವುದುಂಟು. ನಮ್ಮಲ್ಲಿ ಜಾತ್ರೆಗೆ ಮೊಸರನ್ನ ಕಟ್ಟಿಕೊಂಡು ಹೋಗುವಂತೆ. ನನ್ನ ಎದುರಿಗೆ ಬಂದು ಕುಳಿತ ವೃದ್ಧರು ನಾನು ಎಲ್ಲಿಂದ ಬಂದೆನೆಂದು ಕೇಳಿ, ಬೆಂಗಳೂರೆಂದಾಗ ಗಣಕಯಂತ್ರಗಳ ಮಾತೆತ್ತದೆ, ಅಲ್ಲಿ ಬೇಸಗೆಯಲ್ಲಿ ಬಿಯರನ್ನು ಎಲ್ಲಿಡುತ್ತೀರೆಂದು ಕೇಳಿದರು. ಯಂತ್ರದಲ್ಲಿ ಎಂದೆ. ‘ಹಾಗಾದರೆ ನಿಮಗೆ ಗುಡ್ಡ ಬೇಕಾಗಿಲ್ಲ,’ ಎಂದು ಅವರು ಕನಿಕರದಿಂದ ತಲೆಯಾಡಿಸಿದರು.

ಇಂತಹ ಪರಂಪರೆಯಿಲ್ಲದ ಊರುಗಳೇ ಹೆಚ್ಚು; ಅಲ್ಲಿ ಕಣ್ಣು ಮೂಗುಗಳಿಗೆ ಅಧಿಕ ಕೆಲಸ. ನಲವತ್ತು ನಲ್ಲಿಗಳನ್ನು ಸಾಲಾಗಿ ನಿಲ್ಲಿಸಿದ ಬಾರೊಂದರಲ್ಲಿ, ಬೇರೆ ದೇಶದ ಒಂದು ದೊಡ್ಡ ಪಟ್ಟಣದಲ್ಲಿ, ನಾನು ಕೇಳಿದ ಮೂರು ಬಿಯರುಗಳಲ್ಲಿ ಎರಡು ಹಳಸಿದ್ದುವು. ನಲವತ್ತು ಪೀಪಾಯಿಗಳನ್ನು ಬಳಸಿ ಮುಗಿಸುವಷ್ಟು ಗಿರಾಕಿಗಳು ಅಲ್ಲಿರಲಿಲ್ಲ, ಇದ್ದವರು ನಾಲ್ವರು. ಎಂಟು ಹತ್ತು ನಲ್ಲಿಗಳಿದ್ದು, ಯಾವುದನ್ನು ಎಂದು ತುಂಬಿದರೆಂಬುದನ್ನು ಕಪ್ಪು ಹಲಗೆಯ ಮೇಲೆ ಬರೆದಿಡುವ ಅಂಗಡಿಯೇ ಮೇಲು. ಲೋಟವನ್ನು ನೋಡಿ: ಕುಡಿಯುತ್ತ ಹೋದಂತೆ ನೊರೆ ಒಳಗೋಡೆಯ ಮೇಲೆ ಬಳೆಬಳೆಯಾಗಿ ಉಳಿದರೆ ಲೋಟ ಶುಚಿ; ಗುಳ್ಳೆಗಳು ಗೋಡೆಗೆ ಅಂಟಿಕೊಂಡೇ ನಿಂತರೆ ತೊಳೆದವನು ಸೋಮಾರಿ. ಬೆಣ್ಣೆ ಕಾಸಿದ ಪರಿಮಳವೋ ವಿನಿಗರಿನ ಹುಳಿಯೋ ಬಂದರೆ, ಹುಳಿಯೇ ಲಕ್ಷಣವಾದ ಬೆಲ್ಜಿಯಮ್ಮಿನ ಕೆಲವು ಬಗೆಗಳನ್ನು ಬಿಟ್ಟು, ನಲ್ಲಿಯ ಕೊಳವೆಗಳನ್ನು ಶಂಕಿಸಬಹುದು. ಬ್ರೂವರಿಯೆಂದು ಹೆಸರಿಟ್ಟುಕೊಂಡಲ್ಲಿ ತಾಮ್ರದ ಹಂಡೆಗಳು ಅಲಂಕಾರಕ್ಕಿವೆಯೋ ಕೆಲಸಕ್ಕಿವೆಯೋ ಎಂಬುದನ್ನು ಮೂಗೇ ಹೇಳುತ್ತದೆ. ಬೇಯುವ ದಿನ ಆ ಬೀದಿಯಲ್ಲಿ ಹುರಿಹಿಟ್ಟಿನ ಗಂಜಿಯ ವಾಸನೆ ಹರಡಿರುತ್ತದೆ. ಚಿಕ್ಕದರ ವೇಷ ಹಾಕಿದ ದೊಡ್ಡದೂ ಉಂಟು: ಶಿಕಾಗೊದ ಗೂಸ್ ಐಲೆಂಡನ್ನು ೨೦೧೧ರಲ್ಲಿ ಲೋಕದ ಅತಿದೊಡ್ಡ ಬಿಯರ್ ಸಂಸ್ಥೆ ಕೊಂಡುಕೊಂಡಾಗ ಹಲಗೆಯ ಮೇಲಿನ ಹೆಬ್ಬಾತಿನ ಚಿತ್ರವೇನೂ ಬದಲಾಗಲಿಲ್ಲ. ಬಡಿಸುವವನನ್ನೇ, ನಿಮ್ಮ ರಜೆಯ ದಿನ ನೀವು ಎಲ್ಲಿ ಕುಡಿಯುತ್ತೀರೆಂದು ಕೇಳಿದರೆ, ತನ್ನ ಪ್ರತಿಸ್ಪರ್ಧಿಯ ಅಂಗಡಿಯನ್ನು ಅವನು ಸಂಕೋಚವಿಲ್ಲದೆ ತೋರಿಸುತ್ತಾನೆ. ಈ ವೃತ್ತಿಯಲ್ಲಿ ಕವಿಗಳಲ್ಲಿರುವಷ್ಟು ಮತ್ಸರ ಕಾಣದು.

ಊರಿಗೆ ಊರೇ ಒಂದು ಬಿಯರಿಗೆ ಕಟ್ಟುಬಿದ್ದಿರುವುದೂ ಉಂಟು. ಕಲೋನಿನಲ್ಲಿ ಕೋಲ್ಷ್, ಅಲ್ಲಿಂದ ನಲವತ್ತು ಕಿಲೋಮೀಟರ್ ದೂರದ ಡ್ಯುಸೆಲ್‌ಡೋರ್ಫಿನಲ್ಲಿ ಆಲ್ಟ್. ಒಂದರ ಹೆಸರನ್ನು ಇನ್ನೊಂದರಲ್ಲಿ ಎತ್ತಿದರೆ ಮಾಣಿ ಕಿವುಡನಾಗುತ್ತಾನೆ. ಕಲೋನಿನಲ್ಲಿ ಕಾಲು ಲೀಟರಿಗಿಂತಲೂ ಚಿಕ್ಕದಾದ ಸಣಕಲು ಲೋಟ. ಖಾಲಿಯಾದೊಡನೆ ಕೇಳದೆಯೇ ಮತ್ತೊಂದನ್ನಿಟ್ಟು, ಕೆಳಗಿನ ರಟ್ಟಿನ ಬಿಲ್ಲೆಯ ಮೇಲೆ ಸೀಸದಕಡ್ಡಿಯಿಂದ ಗೀಟೆಳೆಯುತ್ತಾರೆ. ಸಾಕೆಂದು ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಬಿಲ್ಲೆಯನ್ನೆತ್ತಿ ಲೋಟದ ಮೇಲೆ ಮುಚ್ಚಬೇಕು, ನಮ್ಮಲ್ಲಿ ಎಲೆಗೆ ಕೈ ಅಡ್ಡ ಹಿಡಿದಂತೆ.

ಬೆಂಗಳೂರಿನ ಮಾತನ್ನೂ ಹೇಳದೆ ಬಿಡಬಾರದು. ಥಾಮಸ್ ಲೈಶ್‌ಮನ್ ೧೯೧೫ರಲ್ಲಿ ದಕ್ಷಿಣದ ಹಲವು ಬ್ರೂವರಿಗಳನ್ನು ಕೂಡಿಸಿ ಕಟ್ಟಿದ ಯುನೈಟೆಡ್ ಬ್ರೂವರೀಸ್‌ನ ದೆಸೆಯಿಂದ ಈ ಊರು ಬಹುಕಾಲ ದೊಡ್ಡ ಕಾರ್ಖಾನೆಯ ಬಿಯರಿಗೆ ಹೆಸರಾಗಿತ್ತು. ಕಳೆದ ಹದಿನೈದು ವರುಷಗಳಿಂದೀಚೆಗೆ ಇಂದಿರಾನಗರದ ಟಾಯಿಟ್, ಅಮೆರಿಕದ ಆನ್ ಆರ್ಬರ್ ಪಟ್ಟಣದಿಂದ ಹೆಸರು ತಂದುಕೊಂಡ ಆರ್ಬರ್, ವೈಟ್‌ಫೀಲ್ಡಿನಲ್ಲಿ ಗೋಡೆತುಂಬ ಪುಸ್ತಕಗಳನ್ನಿಟ್ಟು ಜ್ಯಾಜ್ ಸಂಗೀತ ಕೇಳಿಸುವ ವಿಂಡ್‌ಮಿಲ್ಸ್, ಹೀಗೆ ಅಲ್ಲಲ್ಲಿಯೇ ಬೇಯಿಸಿ ಅಲ್ಲಲ್ಲಿಯೇ ಬಡಿಸುವ ಮನೆಗಳು ಒಂದೊಂದಾಗಿ ಎದ್ದುವು. ಹೊರಗಿನಿಂದ ಬಂದವರು ಇಲ್ಲಿ ಚಿಕ್ಕ ಚಿಕ್ಕ ಲೋಟಗಳಲ್ಲಿ ಐದಾರು ಬಗೆಗಳನ್ನು ಒಟ್ಟಿಗೆ ತರಿಸಿ ರುಚಿ ನೋಡಬಹುದು. ಬಾಂಬೆರ್ಗಿನಲ್ಲಿ ಅಂತಹ ಸೌಕರ್ಯವನ್ನು ಕೇಳಿದರೆ ಅರ್ಧ ಲೀಟರಿನ ಪಾತ್ರೆಯನ್ನೇ ಮೌನವಾಗಿ ಮುಂದಿಡುತ್ತಾರೆ. ಗದ್ದಲದ ಸಂಗೀತ ಹಚ್ಚುವ ಶನಿವಾರದ ರಾತ್ರಿಗಳನ್ನು ಬಿಟ್ಟು ವಾರದ ನಡುವೆ ಒಂದು ಮಧ್ಯಾಹ್ನ ಹೋದರೆ ಬ್ರೂವರ್ ತಾನೇ ಹೊರಗೆ ಬಂದು ಮಾತನಾಡುವುದೂ ಉಂಟು. ನಡೆದೋ ಮೆಟ್ರೊದಲ್ಲೋ ಹೋಗಿರಬೇಕೆಂಬುದು ಮಾತ್ರ ವಾದಕ್ಕೆ ಎಡೆಯಿಲ್ಲದ ನಿಯಮ.

ಅಂತಹ ಒಂದು ಮಧ್ಯಾಹ್ನ, ಹೆಸರು ಹೇಳಬೇಕಾಗಿಲ್ಲದ ಒಂದು ಮನೆಯ ಹಿಂಭಾಗದಲ್ಲಿ, ಗೋಡೆಯ ಪಕ್ಕ ಪೇರಿಸಿಟ್ಟ ಮಾಲ್ಟಿನ ಮೂಟೆಗಳ ಮೇಲೆ ನಾನು ಬಾಂಬೆರ್ಗಿನ ಹೆಸರನ್ನು ಓದಿದೆ. ಆ ಊರಿನ ರೈಲು ನಿಲ್ದಾಣದ ಬಳಿಯೇ ೧೮೭೯ರಿಂದ ವೈಯರ್‌ಮನ್ ಎಂಬವರ ಮಾಲ್ಟಿನ ಕಾರ್ಖಾನೆ ಇದೆ. ಕೆಂಪು ಮತ್ತು ಹಳದಿ ಇಟ್ಟಿಗೆಯ ಅದರ ಗೋಪುರಗಳನ್ನು ಕಂಡು ನಾನು ಮೊದಲ ದಿನ ಅದನ್ನು ಚರ್ಚೆಂದೇ ಭಾವಿಸಿದ್ದೆ. ಅಲ್ಲಿಂದ ಲೋಕದ ಉದ್ದಗಲಕ್ಕೂ, ನಮ್ಮ ದೇಶಕ್ಕೂ, ಮೂಟೆಗಳು ಹೋಗುತ್ತವೆ. ಬಿಯರಿಗೆ ಒಗ್ಗದ ಪ್ರಯಾಣ ಮಾಲ್ಟಿಗೆ ಒಗ್ಗುತ್ತದೆ. ಬ್ರೂವರಾಗಿದ್ದ ಹುಡುಗನು ಒಂದು ಮೂಟೆಯ ಬಾಯಿ ಬಿಚ್ಚಿ ಒಂದು ಹಿಡಿ ಕಾಳನ್ನು ನನ್ನ ಅಂಗೈಗೆ ಸುರಿದು, ‘ಅಗಿದು ನೋಡಿ ಸಾರ್, ಇದು ಹೊಗೆಯದು’ ಎಂದನು. ಹಲ್ಲಿಗೆ ಸಿಕ್ಕಿ ಕಟುಂ ಎಂದು ಮುರಿದ ಕಾಳಿನಿಂದ ಮೊದಲು ಸಿಹಿ ಬಂದಿತು. ಹೊಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು.